ಮೇಲಿಂದ ಎಲ್ಲವೂ ಚೆಂದ

ಉತ್ತರ ಕನ್ನಡದಲ್ಲಿ ಅಘನಾಶಿನಿ ಹೊಳೆ ಕಡಲು ಸೇರುವ ಅಳಿವೆಯ ಮೇಲೆ ಮೊದಲ ಸಲ ಡ್ರೋನ್ ಹಾರಿಸಿದಾಗ ಸೀದಾ 120 ಮೀಟರ್‌ಗೆ ಏರಿಸಿಬಿಟ್ಟೆ. ಮುಂಚಿತ ಅನುಮತಿ ಬೇಡದ 'ಹಸಿರು ವಲಯ'ದಲ್ಲಿ ಡ್ರೋನ್‌ಗೆ ಬಿಡುವುದೇ ಅಷ್ಟು. ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಕಾಡು, ಅಳಿವೆಯಂಚಿನ ತಗ್ಗಿನ ಗಜನಿ ಗದ್ದೆ, ಸಿಗಡಿ ಸಾಕುವ ಹೊಂಡ ಎಲ್ಲ ರಂಗೋಲಿಯ ಹಾಗೆ ಕಂಡವು. ರಾತ್ರಿ ಲ್ಯಾಪ್‌ಟಾಪ್‌ನಲ್ಲಿ ನೋಡಿ ಬೇಜಾರಾಯಿತು. ತೋರಿಸಲು ಹೋಗಿದ್ದು ಅಳಿವೆಯ ಕಷ್ಟ, ತಂದಿದ್ದು ರೆಸಾರ್ಟ್ ಜಾಹೀರಾತು!

ದಾರಿ ತೋರಿಸಿದ್ದು ಕೆಸರಲ್ಲಿ ಸಿಗುವ ಚಿಪ್ಪುಜೀವಿ ಬಳಚನ್ನು ಹೆಕ್ಕುವ ಹೆಂಗಸೊಬ್ಬರು. "ನೀರು ತುಂಬಿದಾಗ ಎಂತ ಕಾಣ್ತದೆ? ಅಮಾಸೆ ಇಳಿತಕ್ಕೆ ಬನ್ನಿ" ಅಂದರು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಜಾಸ್ತಿ ಹಿಂದೆ ಸರಿಯುತ್ತದೆ. ಇಳಿತದ ಹೊತ್ತು ದಿನಾ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಆಮೇಲಿಂದ ನನ್ನ ಶೂಟಿಂಗ್ ವೇಳಾಪಟ್ಟಿಯೆಲ್ಲ ಪಂಚಾಂಗದ್ದೇ.

ಎತ್ತರವನ್ನೂ 20 ಮೀಟರ್‌ಗೆ ಇಳಿಸಿದೆ, ಕ್ಯಾಮೆರಾ ನೇರ ಕೆಳಗೆ. ನೀರಿನ ಹೊಳಪು ಕಳೆಯಲು ಲೆನ್ಸಿಗೆ ಪೋಲರೈಸರ್ ಫಿಲ್ಟರ್ ಹಾಕಿದೆ. ಆಗ ಗೊತ್ತಾಯಿತು: ಗಜನಿಯ ಹಳೇ ಮಣ್ಣಿನ ಕಟ್ಟುಗಳು ಹೊಳೆ ಬಾಗಿದ ಹಾಗೇ ಬಾಗುತ್ತವೆ. ಉಪ್ಪುನೀರಿಗೆ ಜಗ್ಗದ ಕಗ್ಗ ಭತ್ತ ಬೆಳೆದಿದ್ದು ಅಲ್ಲೇ. ಸಿಗಡಿ ಹೊಂಡದ ಏರಿ ಮಾತ್ರ ಸ್ಕೇಲಿಟ್ಟು ಗೆರೆ ಎಳೆದಷ್ಟು ನೇರ. ಆ ಗೆರೆಗಳನ್ನೇ ಹಿಂಬಾಲಿಸಿದೆ. ಅಣೆಕಟ್ಟು ಕಾಣದ ಹೊಳೆ ಇದು, 2024ರಲ್ಲಿ ಅಳಿವೆಗೆ ಮಹತ್ವದ ಜೌಗು ಪ್ರದೇಶಗಳಿಗೆ ಕೊಡುವ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟವೂ ಸಿಕ್ಕಿತು. ಮರಳು, ಚಿಪ್ಪು ತೆಗೆದ ಗಾಯಗಳಿಗೆ ಪಟ್ಟ ಗೊತ್ತಿಲ್ಲ, ಅಲ್ವಾ?

ಒಂದು ಪೆದ್ದುತನವನ್ನೂ ಹೇಳಿಬಿಡುತ್ತೇನೆ. ಒಮ್ಮೆ ದೋಣಿಯಿಂದಲೇ ಹಾರಿಸಿದೆ. ಗರುಡವೊಂದು ಮೇಲೆರಗಿತು. ಪಾಠದಲ್ಲಿ ಕಲಿತಂತೆ ಡ್ರೋನನ್ನು ನೆಟ್ಟಗೆ ಮೇಲೇರಿಸಿದೆ, ಹಕ್ಕಿಗೆ ಹಾಗೆ ಏರುವುದು ಕಷ್ಟ. ಗಾಬರಿಯಲ್ಲಿ 'ಮನೆಗೆ ವಾಪಸ್' ಬಟನ್ ಒತ್ತಿದೆ. ಡ್ರೋನ್ ಪಾಪ ಹೇಳಿದ ಹಾಗೆ ಕೇಳಿತು. ಆದರೆ ಅದರ 'ಮನೆ' ಅಂದರೆ ಅದು ಹಾರಿ ಹೊರಟ ಜಾಗ. ಅಷ್ಟರಲ್ಲಿ ದೋಣಿ ಸೆಳೆತಕ್ಕೆ ಸಿಕ್ಕಿ ಇನ್ನೂರು ಮೀಟರ್ ದೂರ ಬಂದಿತ್ತು! ನೀರಿನ ಮೇಲೆ ಇಳಿಯಲು ಹೊರಟಿದ್ದನ್ನು ಕೊನೇ ಗಳಿಗೆಯಲ್ಲಿ ತಡೆದೆ. ಬ್ಯಾಟರಿ 14%. ದೋಣಿಯವರು ಬರಿಗೈಯಲ್ಲಿ ಹಿಡಿದರು. ಈಗ ದಡದಿಂದ ಮಾತ್ರ ಹಾರಿಸುತ್ತೇನೆ, ಹಕ್ಕಿ ಹಿಂಡು ಕಂಡರೆ ಆ ಕಡೆ ಹೋಗುವುದೇ ಇಲ್ಲ.

ಎಡಿಟಿಂಗ್‌ನಲ್ಲಿ ಎತ್ತರದ ಶಾಟ್‌ಗಳನ್ನೆಲ್ಲ ತೆಗೆದುಹಾಕಿದೆ, ಹೊಟ್ಟೆ ಉರಿಯಿತು. ಉಳಿಸಿಕೊಂಡಿದ್ದರಲ್ಲಿ ನನಗಿಷ್ಟವಾದದ್ದು 11 ಸೆಕೆಂಡಿನದು: ಕೆಸರಲ್ಲಿ ಬಳಚು ಹೆಕ್ಕುವವರ ಹೆಜ್ಜೆಗಳು ಸುತ್ತಿ ಬಳಸಿ ಬರುತ್ತವೆ, ನೇರ ಏರಿಯ ಬುಡಕ್ಕೆ ಬಂದು ನಿಲ್ಲುತ್ತವೆ.