ಕ್ಯಾಶ್ ಮೊದಲೋ, ಕಾವಲು ಮೊದಲೋ?

ಲಾಗಿಂಗ್, ಅನುಮತಿ ಪರೀಕ್ಷೆ, ಕ್ಯಾಶ್ (ಒಮ್ಮೆ ಸಿಕ್ಕ ಉತ್ತರವನ್ನು ಮತ್ತೆ ಕೊಡಲು ತೆಗೆದಿಡುವುದು) ಇವನ್ನೆಲ್ಲ ಪ್ರತಿ ಮೆಥಡ್‌ನೊಳಗೂ ತುರುಕುವ ಬದಲು 'ಆಸ್ಪೆಕ್ಟ್' ಎಂಬ ಬೇರೆ ತುಂಡುಗಳಾಗಿ ಬರೆದಿಟ್ಟು, ಬೇಕಾದ ಕಡೆ ಹೆಣೆಯುವುದು ಆಸ್ಪೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್. ಜಾವಾದಲ್ಲಿ ಇದಕ್ಕೆ ಆಸ್ಪೆಕ್ಟ್‌ಜೆ ಇದೆ. ತೊಂದರೆ ಶುರುವಾಗುವುದು ಒಂದೇ ಮೆಥಡ್ ಮೇಲೆ ಎರಡು ಆಸ್ಪೆಕ್ಟ್‌ಗಳು ಬಂದು ಕೂತಾಗ.

ಸಂಬಳದ ಚೀಟಿ ಕೊಡುವ ಮೆಥಡ್ ಒಂದಿದೆ ಎನ್ನಿ. ಅದಕ್ಕೆ ಅನುಮತಿ ಪರೀಕ್ಷಿಸುವ ಕಾವಲು ಆಸ್ಪೆಕ್ಟ್ ಒಂದು, ಕ್ಯಾಶ್ ಆಸ್ಪೆಕ್ಟ್ ಒಂದು. ಹೊರಗಿರುವುದು ಮೊದಲು ಓಡುತ್ತದೆ. ಕ್ಯಾಶ್ ಹೊರಗೆ, ಕಾವಲು ಒಳಗೆ ಆಗಿಬಿಟ್ಟರೆ? ಅನುಮತಿ ಇರುವ ಅಧಿಕಾರಿ ಚೀಟಿಯನ್ನು ಒಮ್ಮೆ ತೆರೆದರೆ ಸಾಕು, ಉತ್ತರ ಕ್ಯಾಶ್ ಸೇರುತ್ತದೆ. ಆಮೇಲೆ ಅದೇ ನೌಕರರ ಸಂಖ್ಯೆ ಹಾಕಿ ಯಾರು ಕೇಳಿದರೂ ಕಾವಲಿನವರೆಗೆ ಹೋಗದೆ ಚೀಟಿ ಸಿಗುತ್ತದೆ. ತಮಾಷೆ ಎಂದರೆ, ಎರಡೂ ಆಸ್ಪೆಕ್ಟ್‌ಗಳ ಯುನಿಟ್ ಟೆಸ್ಟ್ ಪಾಸ್, ಅದು ಒಂದೊಂದನ್ನೂ ಬಿಡಿಯಾಗಿ ಪರೀಕ್ಷಿಸುತ್ತದಲ್ಲ!

ಹಿಡಿಯುವುದು ಹೀಗೆ. ಮೊದಲು ಆಸ್ಪೆಕ್ಟ್‌ಜೆಯ ಎಜೆಸಿ ಕಂಪೈಲರನ್ನು 'ಶೋವೀವ್‌ಇನ್ಫೋ' ಆಯ್ಕೆಯೊಂದಿಗೆ ಓಡಿಸಿ. ಯಾವ ಮೆಥಡ್‌ಗೆ ಯಾವ ಅಡ್ವೈಸ್ (ಆಸ್ಪೆಕ್ಟ್‌ನೊಳಗೆ ಓಡುವ ಕೋಡ್) ಅಂಟಿದೆ ಎಂದು ಫೈಲ್ ಹೆಸರು, ಸಾಲಿನ ಸಂಖ್ಯೆ ಸಮೇತ ಅದು ಹೇಳುತ್ತದೆ. ಆ ಪಟ್ಟಿಯನ್ನು ಮೆಥಡ್‌ವಾರು ಜೋಡಿಸಿ, ಎರಡು ಅಥವಾ ಹೆಚ್ಚು ಸಲ ಬಂದವನ್ನು ಉಳಿಸಿಕೊಳ್ಳಿ.

ಅವುಗಳಲ್ಲಿ ಮೆಥಡನ್ನು ಸುತ್ತುವರಿಯುವ 'ಅರೌಂಡ್' ಅಡ್ವೈಸ್ ಇರುವವಕ್ಕೆ ಮೊದಲ ಸರದಿ. 'ಪ್ರೊಸೀಡ್' (ಮುಂದಕ್ಕೆ ಬಿಡುವ ಕರೆ) ಕರೆಯದೆ ಮುಂದಿನವರನ್ನೆಲ್ಲ ಹಾರಿಸಿಬಿಡುವ ಅಧಿಕಾರ ಅದಕ್ಕಿದೆ. ಕ್ಯಾಶ್ ಮಾಡುವುದೂ ಅದನ್ನೇ.

ಈಗ ಕ್ರಮ ನೋಡಿ. ಬೇರೆ ಬೇರೆ ಆಸ್ಪೆಕ್ಟ್‌ಗಳ ನಡುವೆ ಯಾವುದು ಮೊದಲು ಎಂದು ನೀವು ಬರೆಯದಿದ್ದರೆ ಆಸ್ಪೆಕ್ಟ್‌ಜೆ ಯಾವ ಭರವಸೆಯನ್ನೂ ಕೊಡುವುದಿಲ್ಲ. ಇಂದು ಸರಿಯಿದ್ದದ್ದು ನಾಳೆ ತಿರುಗಬಹುದು. 'ಡಿಕ್ಲೇರ್ ಪ್ರೆಸಿಡೆನ್ಸ್' ಸಾಲಿನಲ್ಲಿ ಕಾವಲು, ನಂತರ ಕ್ಯಾಶ್ ಎಂದು ಬರೆದರೆ ಕಾವಲು ಹೊರಗೆ ನಿಲ್ಲುತ್ತದೆ. ಜಾವಾದ ಸ್ಪ್ರಿಂಗ್ ಫ್ರೇಮ್‌ವರ್ಕ್ ಬಳಸುವವರು 'ಆರ್ಡರ್' ಸಂಖ್ಯೆ ಕೊಡಬೇಕು. ಚಿಕ್ಕ ಸಂಖ್ಯೆ ಹೊರಗೆ.

ಒಂದು ಟೆಸ್ಟ್ ಬರೆಯಿರಿ: ಮೊದಲು ಅನುಮತಿ ಇರುವವರು, ಬೆನ್ನಿಗೇ ಇಲ್ಲದವರು, ಅದೇ ಚೀಟಿ ಕೇಳಲಿ. ಆಸ್ಪೆಕ್ಟ್‌ಗಳ ಕ್ರಮವನ್ನು ಬೇಕೆಂದೇ ಅದಲುಬದಲು ಮಾಡಿ ಮತ್ತೆ ಓಡಿಸಿ. ಫಲಿತಾಂಶ ಬದಲಾಯಿತೆಂದರೆ ಆ ಜೋಡಿ ಒಂದಕ್ಕೊಂದು ತಗುಲಿಕೊಂಡಿದೆ. ಬದಲಾಗದಿದ್ದರೆ ಜೋಡಿ ನಿರಪಾಯ ಎಂದು ತೀರ್ಮಾನಿಸಬೇಡಿ, ಟೆಸ್ಟೇ ಬಡಕಲಾಗಿರಬಹುದು.

ಕಂಪೈಲರ್ ಕೊಟ್ಟ ಆ ವೀವ್ (ಹೆಣಿಗೆ) ಪಟ್ಟಿಯನ್ನು ಎಸೆಯಬೇಡಿ. ಪ್ರತಿ ಬಿಲ್ಡ್‌ನಲ್ಲೂ ಹಳೆಯದರ ಜೊತೆ ಹೋಲಿಸಿ. ಯಾವ ಮೆಥಡ್‌ಗಳಿಗೆ ಅಂಟಬೇಕೆಂದು ಹೇಳುವ ಪಾಯಿಂಟ್‌ಕಟ್ 'ಗೆಟ್' ಎಂದು ಶುರುವಾಗುವ ಹೆಸರುಗಳನ್ನು ಹುಡುಕುತ್ತಿದ್ದು, ಯಾರೋ ಮೆಥಡ್ ಹೆಸರನ್ನು 'ಫೆಚ್' ಎಂದು ಬದಲಿಸಿದರೆ ಕಾವಲು ಸದ್ದಿಲ್ಲದೆ ಕಳಚಿಕೊಳ್ಳುತ್ತದೆ. ಪಟ್ಟಿಯಲ್ಲಿ ಒಂದು ಸಾಲು ಕಡಿಮೆಯಾದದ್ದಷ್ಟೇ ಅದರ ಗುರುತು.