ಹೊಸಬರಿಗೆ ಮಾರ್ಗದರ್ಶಿ: ಹಳೇ ಮನೆಯ ಗೋಡೆಯೊಳಗಿನ ನೆಟ್ ವೈರು

ಬೆಳಗಾವಿಗೆ ಬಂದಿದ್ದೀರಿ, ನಮ್ಮ ಸಂಘಕ್ಕೆ ಬರ್ರಿ. ಹಾಲು ಉಕ್ಕಿಸಿದ್ದಾಯಿತು, ಗ್ಯಾಸ್ ಬಂತು, ಗಂಟಿನಿಂದ ರೊಟ್ಟಿ ಹಂಚು ಹೊರಗೆ ಬಂತು. ಮೂರನೇ ದಿನಕ್ಕೆ ಮನೆಯಲ್ಲಿ ಒಂದು ಜಗಳ ಶುರುವಾಗುತ್ತದೆ. ಹಾಲ್‌ನಲ್ಲಿ ನೆಟ್ ಚೆನ್ನಾಗಿ ಓಡುತ್ತದೆ, ಒಳಕೋಣೆಯಲ್ಲಿ ಸುಮ್ನೆ ಸುತ್ತುತ್ತಾ ಕೂರುತ್ತದೆ.

ಟಿಳಕವಾಡಿ, ಶಹಾಪುರ, ಕ್ಯಾಂಪ್ ಕಡೆ ಹಳೇ ಮನೆ ಹಿಡಿದವರಿಗೆ ಇದು ತಪ್ಪಿದ್ದಲ್ಲ. ದಪ್ಪ ಗೋಡೆ. ವೈಫೈ ಒಂದು ಗೋಡೆ ದಾಟುವಷ್ಟರಲ್ಲಿ ಸುಸ್ತಾಗುತ್ತದೆ. ಆದರೆ ಎಷ್ಟೋ ಮನೆಗಳಲ್ಲಿ, ಅದರಲ್ಲೂ 2000ದ ನಂತರ ಕಟ್ಟಿದ ಅಥವಾ ರಿಪೇರಿ ಮಾಡಿಸಿದ ಮನೆಗಳಲ್ಲಿ, ಗೋಡೆಯೊಳಗೆ ವೈರು ಆಗಲೇ ಇರುತ್ತದೆ. ಯಾರೂ ಹೇಳುವುದಿಲ್ಲ ಅಷ್ಟೇ. ಮಾಲೀಕರಿಗೇ ಮರೆತಿರುತ್ತದೆ.

ನನಗಾದದ್ದು

ನಾನು ವಿಜಯಪುರದವನು. 2021ರಲ್ಲಿ ಇಲ್ಲಿಗೆ ಬಂದೆ. ಕೆಲಸ ಮನೆಯಿಂದ, ಮಗಳ ಕ್ಲಾಸೂ ಮನೆಯಿಂದ. ನಮ್ಮ ಮಂದಿಗೆ ಒಂದು ಚಟ ಇದೆ: ಏನೇ ಕೆಲಸ ಬಂದರೂ ಮೊದಲು ಪರಿಚಯದವರ ಪರಿಚಯದವರನ್ನು ಹಿಡಿಯೋದು. ನಾನೂ ಹಿಡಿದೆ. ಬಂದವನು ಗೋಡೆ ತಟ್ಟಿ ನೋಡಿ, "ಸರ, ಒಳಗಿನ ವಾಯರ್ ಎಲ್ಲಾ ಸತ್ತಾವ್ರಿ, ಹೊರಗಿಂದ ಎಳೀಬೇಕು" ಅಂದ. ಎಳೆದ. ಮೂರು ಗೋಡೆಗೆ ತೂತು, ಬಾಗಿಲ ಚೌಕಟ್ಟಿನ ಮೇಲೆ ಬಿಳಿ ಪಟ್ಟಿ. ಮಾಲೀಕರ ಅಜ್ಜ ಬಂದು ನೋಡಿ ಏನೂ ಮಾತಾಡಲಿಲ್ಲ. ಮನೆ ಬಿಡುವಾಗ ಡಿಪಾಸಿಟ್‌ನಲ್ಲಿ ಮಾತಾಡಿದರು.

ಬಣ್ಣ ಬಳಿಯೋಕೆ ಅಂತ ಖಾಲಿ ಮಾಡುವ ವಾರ ಟೆಲಿಫೋನ್ ಪ್ಲೇಟು ಬಿಚ್ಚಿದೆ. ಒಳಗೆ ಸುಣ್ಣದ ಪುಡಿ, ಜೇಡರ ಬಲೆ, ಹಲ್ಲಿಯ ಎರಡು ಮೊಟ್ಟೆ ಚಿಪ್ಪು. ಒಂದು ಬೂದು ವೈರು. ನೀಲಿ ಮತ್ತು ಬಿಳಿ-ನೀಲಿ ಎಳೆ ಮಾತ್ರ ಎರಡು ಸ್ಕ್ರೂಗೆ ಬಿಗಿದಿತ್ತು. ಉಳಿದ ಆರು ಎಳೆಗಳನ್ನು ಅಂಗಿಯ ತೋಳು ಮಡಚಿದ ಹಾಗೆ ಹಿಂದಕ್ಕೆ ಮಡಚಿ ಸುತ್ತಿಟ್ಟಿದ್ದರು. ವೈರಿನ ಮೈಮೇಲೆ ಸ್ಪಷ್ಟವಾಗಿ ಬರೆದಿತ್ತು: ಕ್ಯಾಟ್ 5ಇ. ಅದು ನೆಟ್ ವೈರಿನ ಒಂದು ದರ್ಜೆ. ಒಂದು ವರ್ಷ ಅದೇ ಗೋಡೆಗೆ ಬೆನ್ನು ಕೊಟ್ಟು ಕೂತು ನೆಟ್ ಇಲ್ಲ ಅಂತ ಅಳುತ್ತಿದ್ದೆ. ಅದಕ್ಕೇ ಈ ಭಾಗ ಉದ್ದವಾಗಿದೆ, ಬೇಜಾರಾಗಬೇಡಿ.

ಮೊದಲು ಪ್ಲೇಟು ಬಿಚ್ಚಿ, ಆಮೇಲೆ ಡ್ರಿಲ್ ಮಾತು

ಮೇನ್ ಸ್ವಿಚ್ ಆಫ್ ಮಾಡಿ. ಇದನ್ನು ಹೇಳಬೇಕಾ ಅನ್ನಬೇಡಿ. ಹಳೇ ಮನೆಗಳಲ್ಲಿ ಒಂದೇ ಡಬ್ಬಿಯೊಳಗೆ ಕರೆಂಟಿನ ವೈರೂ ಫೋನಿನ ವೈರೂ ಒಟ್ಟಿಗೆ ಕೂತಿರುವುದನ್ನು ನಾವು ಕಂಡಿದ್ದೇವೆ. 230 ವೋಲ್ಟ್ ತಮಾಷೆ ಅಲ್ಲ. ಹಾಗೆ ಕಂಡರೆ ಮುಚ್ಚಿಬಿಡಿ, ಎಲೆಕ್ಟ್ರಿಶಿಯನ್ನನ್ನು ಕರೆಯಿರಿ. ಲ್ಯಾಂಡ್‌ಲೈನ್ ಇನ್ನೂ ಜೀವಂತ ಇದ್ದರೆ ಅದನ್ನೂ ಹೊರಗಿನ ಡಬ್ಬಿಯಲ್ಲಿ ಬಿಡಿಸಿ. ಅದರಲ್ಲಿ ಸುಮಾರು 48 ವೋಲ್ಟ್ ಇರುತ್ತದೆ, ರಿಂಗ್ ಆದಾಗ ಇನ್ನೂ ಜಾಸ್ತಿ.

ಈಗ ಎಳೆ ಎಣಿಸಿ.

ಎಂಟು ಎಳೆ, ಎರಡೆರಡು ಹೆಣೆದು ನಾಲ್ಕು ಜೋಡಿ ಇದ್ದರೆ ನಿಮ್ಮ ಅದೃಷ್ಟ. ಮೈಮೇಲೆ ಕ್ಯಾಟ್ 5ಇ ಅಥವಾ ಕ್ಯಾಟ್ 6 ಅಂತ ಇದ್ದರೆ 1000 ಎಂಬಿಪಿಎಸ್ (ನೆಟ್ ವೇಗದ ಅಳತೆ) ಆರಾಮಾಗಿ ಹೋಗುತ್ತದೆ. ಬರೀ ಕ್ಯಾಟ್ 5 ಇದ್ದರೂ ಮುಖ ಸಣ್ಣ ಮಾಡಬೇಡಿ. 1999ರಲ್ಲಿ ಗಿಗಾಬಿಟ್ (ಅದೇ 1000 ಎಂಬಿಪಿಎಸ್) ನಿಯಮ ಬಂದಾಗ ಅದನ್ನು ಮಾಡಿದ್ದೇ ಆ ವೈರಿಗಾಗಿ. ಮಿತಿ 100 ಮೀಟರ್. ನಿಮ್ಮ ಮನೆ ಅಷ್ಟು ಉದ್ದ ಇಲ್ಲ, ಅಲ್ವಾ?

ನಾಲ್ಕು ಎಳೆ ಇದ್ದರೆ ಅದು ಫೋನಿನ ವೈರು. ಹೆಣಿಗೆ ಇದ್ದರೆ 100ರವರೆಗೆ ಒದ್ದಾಡಬಹುದು, ಚಪ್ಪಟೆ ಇದ್ದರೆ ಆಸೆ ಬಿಡಿ.

ಎಳೆಯ ತುದಿಯನ್ನು ಬ್ಲೇಡಿನಿಂದ ಸ್ವಲ್ಪ ಕೆರೆಯಿರಿ. ಮೇಲೆ ತಾಮ್ರ, ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಬಳಿದ ಅಲ್ಯೂಮಿನಿಯಂ. ಎರಡು ಸಲ ಬಗ್ಗಿಸಿದರೆ ಪಟಕ್ಕನೆ ಮುರಿಯುತ್ತದೆ. ಅದನ್ನು ಮಗು ಎತ್ತಿದ ಹಾಗೆ ಎತ್ತಬೇಕು.

ತುದಿ ಕಟ್ಟುವುದು

ನಾವು ಕಂಡ ಹತ್ತು "ಸತ್ತ" ವೈರುಗಳಲ್ಲಿ ಗೋಡೆಯ ನಡುವೆ ಸತ್ತದ್ದು ಒಂದೋ ಎರಡೋ. ಉಳಿದದ್ದೆಲ್ಲ ತುದಿಯ ತಪ್ಪು. ಹಾಗಾಗಿ ಹಳೇ ತುದಿ ಕತ್ತರಿಸಿ, ಎರಡೂ ಕಡೆ ಹೊಸದಾಗಿ ಕಟ್ಟಿ. ಒಂದು ಕಡೆ ಮಾತ್ರ ಮಾಡಿ ನನ್ನ ತಲೆ ತಿನ್ನಬೇಡಿ.

ಬಣ್ಣದ ಸಾಲು ಹೀಗೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಇದಕ್ಕೆ ಬಿ ಸಾಲು ಅನ್ನುತ್ತಾರೆ. ಎ ಸಾಲಿನಲ್ಲಿ ಕಿತ್ತಳೆಯೂ ಹಸಿರೂ ಜಾಗ ಬದಲಿಸುತ್ತವೆ. ಯಾವುದಾದರೂ ಸರಿ, ಎರಡೂ ತುದಿಗೆ ಒಂದೇ ಇರಲಿ. ಗೋಡೆಯ ಜ್ಯಾಕಿನ ಮೇಲೆ ಎ, ಬಿ ಎರಡರ ಬಣ್ಣವೂ ಅಚ್ಚಾಗಿರುತ್ತದೆ, ಕನ್ನಡಕ ಹಾಕಿಕೊಂಡು ನೋಡಿ. ಹೆಣಿಗೆಯನ್ನು ಅರ್ಧ ಇಂಚಿಗಿಂತ ಜಾಸ್ತಿ ಬಿಚ್ಚಬಾರದು. ಚಂದ ಕಾಣಲಿ ಅಂತ ನಾಲ್ಕಿಂಚು ಬಿಚ್ಚಿ ಬಾಚುವವರಿದ್ದಾರೆ. ಹೆಣಿಗೆ ಇರೋದೇ ಒಂದು ಜೋಡಿಯ ಗದ್ದಲ ಇನ್ನೊಂದಕ್ಕೆ ತಾಗದಿರಲಿ ಅಂತ.

ಇನ್ನೊಂದು ಕಿತಾಪತಿ: ವೈರು ಉಳಿಸೋಕೆ ಒಂದೇ ವೈರಿನ ನಾಲ್ಕು ಎಳೆ ಈ ಜ್ಯಾಕಿಗೆ, ನಾಲ್ಕು ಆ ಜ್ಯಾಕಿಗೆ ಹಂಚಿರುತ್ತಾರೆ. ಆಗ ಎರಡೂ 100ರ ಮೇಲೆ ಏರುವುದಿಲ್ಲ. ಒಂದು ಜ್ಯಾಕನ್ನು ಬಲಿ ಕೊಡಿ.

95ರಲ್ಲಿ ನಿಂತುಬಿಟ್ಟಿದೆ ಅನ್ನುವವರಿಗೆ

300 ಎಂಬಿಪಿಎಸ್ ಪ್ಲಾನು ಹಾಕಿಸಿ, ವೈರಿನಲ್ಲಿ ನೋಡಿದರೆ 94, 95. ತಕ್ಷಣ ನೆಟ್ ಕಂಪನಿಗೆ ಫೋನ್ ಹಚ್ಚಿ ಬೈಯಬೇಡಿ. 100 ಎಂಬಿಪಿಎಸ್‌ಗೆ ಎರಡು ಜೋಡಿ ಸಾಕು, ಗಿಗಾಬಿಟ್‌ಗೆ ನಾಲ್ಕೂ ಬೇಕು. ನೀಲಿಯಲ್ಲೋ ಕಂದಿನಲ್ಲೋ ಒಂದೆಳೆ ಕೈಕೊಟ್ಟಿರುತ್ತದೆ, ಉಪಕರಣ ತಾನೇ 100ಕ್ಕೆ ಇಳಿದಿರುತ್ತದೆ. ನೆಟ್ ವೈರಿನ ಟೆಸ್ಟರ್ ಹಚ್ಚಿದರೆ ಬಣ್ಣದ ಸಾಲಿನ 4, 5, 7, 8ನೇ ಎಳೆಗಳಲ್ಲಿ ಯಾವುದರದ್ದೋ ದೀಪ ಹತ್ತುವುದಿಲ್ಲ. ಅದೂ ಸರಿ ಇದ್ದರೆ ನೆಟ್ ಸ್ವಿಚ್ (ಒಂದು ವೈರನ್ನು ಹಲವು ಕಡೆ ಹಂಚುವ ಡಬ್ಬಿ) ಅಥವಾ ರೂಟರೇ 100ರದ್ದು. ಹಳೇ ಡಬ್ಬಿಗಳನ್ನು ಊರಿನಿಂದ ಹೊತ್ತು ತರುವವರು ಇದನ್ನು ಎರಡು ಸಲ ಓದಿ.

ಎರಡನೇ ರೂಟರ್

ಒಳಕೋಣೆಯಲ್ಲಿ ಹಳೇ ರೂಟರ್ ಇಡುವುದಾದರೆ ಎಪಿ ಮೋಡ್‌ಗೆ ಹಾಕಿ, ಅಂದರೆ ಅದು ಬರೀ ವೈಫೈ ಹಂಚಲಿ. ಆ ಮೋಡ್ ಇಲ್ಲದಿದ್ದರೆ ಡಿಎಚ್‌ಸಿಪಿ (ಫೋನು, ಕಂಪ್ಯೂಟರಿಗೆ ವಿಳಾಸ ಹಂಚುವ ಕೆಲಸ) ಆಫ್ ಮಾಡಿ, ಮೊದಲ ರೂಟರಿನದ್ದೇ ಆಗದ ಹಾಗೆ ಇದರ ಐಪಿ ವಿಳಾಸ ಬದಲಿಸಿ, ವೈರನ್ನು ವ್ಯಾನ್ ಪೋರ್ಟಿಗಲ್ಲ, ಲ್ಯಾನ್ ಪೋರ್ಟಿಗೇ ಸಿಗಿಸಿ. ಮನೆಗೆ ಇಬ್ಬರು ಯಜಮಾನರು ಬೇಡ.

ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ನಮ್ಮ ಸದಸ್ಯರೊಬ್ಬರ ಮನೆಯವರು ಜೋತಾಡುತ್ತಿದ್ದ ವೈರಿನ ತುದಿಯನ್ನು ಒಪ್ಪವಾಗಿ ಸ್ವಿಚ್ಚಿಗೆ ಸಿಗಿಸಿಟ್ಟರು. ಅದರ ಇನ್ನೊಂದು ತುದಿ ಆಗಲೇ ಅದೇ ಸ್ವಿಚ್ಚಿನಲ್ಲಿತ್ತು, ಮಾಹಿತಿ ಅಲ್ಲೇ ಗಿರಗಿರ ಸುತ್ತತೊಡಗಿತು. ಇಡೀ ಮನೆಯ ನೆಟ್ ಎರಡು ದಿನ ಬಂದ್. ಪಾಪ, ಅವರ ತಪ್ಪಲ್ಲ. ವೈರಿಗೆ ಚೀಟಿ ಅಂಟಿಸಿ: ಹಾಲ್, ಒಳಕೋಣೆ, ಮೇಲ್ಮನೆ.

ಮಳೆ

ವಿಜಯಪುರ, ಬಾಗಲಕೋಟೆಯಿಂದ ಬಂದವರಿಗೆ ಇಲ್ಲಿಯ ಜುಲೈ ಗೊತ್ತಿರುವುದಿಲ್ಲ. ಗೋಡೆ ಬೆವರುತ್ತದೆ. ಹೊರಗೋಡೆಯ ಡಬ್ಬಿಯಲ್ಲಿ ಎಳೆಯ ತುದಿ ಹಸಿರು ಹಿಡಿಯುತ್ತದೆ, ಬೇಸಿಗೆಯಲ್ಲಿ ಓಡಿದ್ದು ಆಷಾಢದಲ್ಲಿ ನಿಲ್ಲುತ್ತದೆ. ಹಸಿರಾದಷ್ಟು ಕತ್ತರಿಸಿ, ಮತ್ತೆ ಕಟ್ಟಿ. ಅದಕ್ಕೇ ಡಬ್ಬಿಯೊಳಗೆ ಒಂದು ಗೇಣು ವೈರು ಹೆಚ್ಚಿಗೆ ಬಿಟ್ಟಿರಬೇಕು. ಗುಡುಗು ಸಿಡಿಲಿನ ದಿನ ಟೆರೇಸಿನಿಂದ ಇಳಿದ ವೈರನ್ನು ಮೊದಲೇ ಕಿತ್ತಿಡಿ.

ನಿಜವಾಗಿಯೂ ಸತ್ತಿದ್ದರೆ

ಪೈಪಿನೊಳಗಿದ್ದರೆ ಹಳೇ ವೈರಿಗೇ ಹೊಸದನ್ನು ಕಟ್ಟಿ, ಒಬ್ಬರು ಎಳೆಯಿರಿ, ಒಬ್ಬರು ತಳ್ಳಿರಿ. ಸಿಕ್ಕಿಕೊಂಡರೆ ನಿಲ್ಲಿಸಿ. ಎಲೆಕ್ಟ್ರಿಶಿಯನ್ ಬಳಿ ಪೈಪಿನೊಳಗೆ ವೈರು ಎಳೆಯುವ ಸ್ಪ್ರಿಂಗ್ ಇರುತ್ತದೆ. ಪ್ಲಾಸ್ಟರಿನಲ್ಲೇ ಹೂತಿದ್ದರೆ ಮಾಲೀಕರನ್ನು ಕೇಳಿ. ಬಾಯಲ್ಲಿ ಅಲ್ಲ, ಬರಹದಲ್ಲಿ.

ಮಾಲೀಕರು ಮರಾಠಿಯಲ್ಲಿ ಮಾತಾಡಿದರೆ ನೀವು ತಕ್ಷಣ ಹಿಂದಿ ಹಚ್ಚಬೇಡಿ. ಇಲ್ಲಿಯ ಬಹಳ ಮಂದಿಗೆ ಕನ್ನಡ ಬರುತ್ತದೆ, ನೀವು ಆಡಿದರೆ ಅವರೂ ಆಡುತ್ತಾರೆ. ನನ್ನ ಡಿಪಾಸಿಟ್ ಲೆಕ್ಕ ಪೂರ್ತಿ ಕನ್ನಡದಲ್ಲೇ ಆಯಿತು, ಒಂದು ಪೈಸೆ ಬಿಡದೆ.

ತರಬೇಕಾದದ್ದು

ಗೋಡೆಯ ಜ್ಯಾಕು, ಪ್ಲೇಟು
ಆರ್‌ಜೆ45 ಪ್ಲಗ್ಗು (ನೆಟ್ ವೈರಿನ ತುದಿಗೆ ಹಾಕುವುದು), ಹತ್ತು (ಐದು ಹಾಳಾಗುತ್ತವೆ)
ಕ್ರಿಂಪಿಂಗ್ ಟೂಲ್ (ಪ್ಲಗ್ಗು ಬಿಗಿಯಲು), ಪಂಚಿಂಗ್ ಟೂಲ್ (ಜ್ಯಾಕಿಗೆ ಎಳೆ ಕೂರಿಸಲು)
ಗಿಗಾಬಿಟ್ ಸ್ವಿಚ್
ಚೀಟಿ, ಪೆನ್ನು

ಟೆಸ್ಟರ್ ಕೊಳ್ಳಬೇಡಿ, ಸಂಘದಲ್ಲಿದೆ. ಪುಸ್ತಕದಲ್ಲಿ ಹೆಸರು ಬರೆದು ಒಯ್ಯಿರಿ, ಎರಡು ದಿನಕ್ಕೆ ವಾಪಸ್ ತನ್ನಿ. ಅದು ಎರಡು ತುಂಡು ಇರುತ್ತದೆ, ದೊಡ್ಡದು ಮತ್ತು ಚಿಕ್ಕದು. ಚಿಕ್ಕದನ್ನು ಆ ಕಡೆಯ ಕೋಣೆಯ ಜ್ಯಾಕಿನಲ್ಲೇ ಮರೆತು ಬರುತ್ತೀರಿ, ಎಲ್ಲರೂ ಮರೆಯುತ್ತಾರೆ. ಒಳಗಿನ 9 ವೋಲ್ಟಿನ ಸೆಲ್ಲನ್ನೂ ಹಾಗೇ ತನ್ನಿ.