ವಾಲಿಯ ಪ್ರಶ್ನೆಗೆ ರಾಮ ಏನು ಹೇಳಬೇಕು?

ತಾಳಮದ್ದಳೆ ಅಂದರೆ ಯಕ್ಷಗಾನದ ಕೂತು ಮಾತಾಡುವ ರೂಪ, ಅದರಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ, ನಾವು ಕೂತಲ್ಲೇ ಪಾತ್ರವಾಗಿ ಅದರ ಅರ್ಥ ಹೇಳುತ್ತೇವೆ. ಪದ್ಯ ಎಲ್ಲರಿಗೂ ಒಂದೇ, ಮಾತು ಮಾತ್ರ ಅಲ್ಲೇ ಹುಟ್ಟಬೇಕು. ವಾಲಿವಧೆಯಲ್ಲಿ ನಾನು ವಾಲಿಯೂ ಆಗಿದ್ದೇನೆ, ರಾಮನೂ ಆಗಿದ್ದೇನೆ. ಒಂದು ಪದ್ಯ ಒಂದೇ ಅರ್ಥಕ್ಕೆ ಯಾಕೆ ನಿಲ್ಲುವುದಿಲ್ಲ ಅಂತ ನನಗೆ ತಿಳಿದದ್ದು ಇಲ್ಲೇ.

ಬಾಣ ತಾಗಿ ಬಿದ್ದ ವಾಲಿ, ಮರೆಯಲ್ಲಿ ನಿಂತು ಯಾಕೆ ಹೊಡೆದೆ ಅಂತ ಕೇಳುತ್ತಾನೆ. ಸಿಟ್ಟಿನಿಂದ ಕೇಳಿದನೋ, ನೋವಿನಿಂದಲೋ, ನಿಜವಾಗಿ ತಿಳಿಯಬೇಕೆಂದೋ? ಪದ್ಯ ಹೇಳುವುದಿಲ್ಲ. ತಯಾರಿಗೆ ನಾನು ವಾಲ್ಮೀಕಿಯ ಕಿಷ್ಕಿಂಧಾ ಕಾಂಡದ 17 ಮತ್ತು 18ನೇ ಸರ್ಗ ಓದುತ್ತೇನೆ. ಅಲ್ಲಿ ರಾಮ ಕೊಡುವ ಕಾರಣವೂ ಒಂದಲ್ಲ. ತಮ್ಮನ ಹೆಂಡತಿ ರುಮೆಯನ್ನು ಇಟ್ಟುಕೊಂಡೆ, ಭರತನ ಆಳ್ವಿಕೆಯಲ್ಲಿ ಅದಕ್ಕೆ ಶಿಕ್ಷೆ ಉಂಟು. ಸುಗ್ರೀವನಿಗೆ ಮಾತು ಕೊಟ್ಟಿದ್ದೇನೆ. ಸಾಲದ್ದಕ್ಕೆ, ನೀನು ಮೃಗ, ಮೃಗವನ್ನು ಮರೆಯಿಂದ ಹೊಡೆದರೆ ತಪ್ಪಿಲ್ಲ.

ವಾಲಿಗೆ ಜಾಗ ಸಿಗುವುದು ಇಲ್ಲಿಯೇ. ನಾನು ಮೃಗವಾದರೆ ತಮ್ಮನ ಹೆಂಡತಿ ಅನ್ನುವ ಧರ್ಮ ನನಗೆ ಯಾಕೆ? ಧರ್ಮ ಇದೆ ಅಂದರೆ ನಾನು ಬೇಟೆ ಹೇಗಾದೆ? ಬೇಟೆಯೇ ಆದರೂ ನನ್ನ ಮಾಂಸ ತಿನ್ನುವಂತಿಲ್ಲ, ಚರ್ಮ ಉಡುವಂತಿಲ್ಲ ಅಲ್ವಾ? ಈ ಕೊನೆಯ ಮಾತು ವಾಲ್ಮೀಕಿಯ ವಾಲಿಯದ್ದೇ. ಎದುರಿನ ರಾಮ ಬೇಟೆಯ ಮಾತು ಎತ್ತಿದರೆ ನನ್ನ ವಾಲಿ ವಾದಕ್ಕೆ ಇಳಿಯುತ್ತಾನೆ. ಅದನ್ನು ಬಿಟ್ಟು ರುಮೆಯ ಕಣ್ಣೀರಿನಿಂದ ಶುರು ಮಾಡಿದರೆ ಅದೇ ವಾಲಿ ತಲೆ ತಗ್ಗಿಸುತ್ತಾನೆ. ಪದ್ಯದಲ್ಲಿ ಒಂದಕ್ಷರವೂ ಬದಲಾಗಿರುವುದಿಲ್ಲ.

ಹಾಗಂತ ಬಾಯಿಗೆ ಬಂದದ್ದನ್ನೆಲ್ಲ ಹೇಳುವಂತಿಲ್ಲ. ಭಾಗವತರು ಮುಂದಿನ ಪದ್ಯ ಎತ್ತುವ ಹೊತ್ತಿಗೆ ನನ್ನ ಮಾತು ಅಲ್ಲಿಗೆ ತಲುಪಿರಬೇಕು. ಕೊನೆಗೆ ವಾಲಿ ರಾಮನಿಗೆ ತಲೆಬಾಗಿ, ಮಗ ಅಂಗದನನ್ನು ಅವನ ಕೈಗೆ ಒಪ್ಪಿಸಿಯೇ ಸಾಯಬೇಕು. ವಾದದ ಹುರುಪಿನಲ್ಲಿ ರಾಮನನ್ನು ಪೂರ್ತಿ ಸೋಲಿಸಿಬಿಟ್ಟರೆ ಆ ಪದ್ಯಕ್ಕೆ ದಾರಿಯೇ ಉಳಿಯುವುದಿಲ್ಲ. ಜನ ಚಪ್ಪಾಳೆ ತಟ್ಟಬಹುದು, ಪ್ರಸಂಗ ಕೆಡುತ್ತದೆ.

ರಾಮನಾಗಿ ಕೂತಾಗ ಜಾಸ್ತಿ ಕಾಡುವ ಪ್ರಶ್ನೆ ಬೇರೆ. ಅಣ್ಣ ಗುಹೆಯಲ್ಲಿ ಸತ್ತನೆಂದು ಸುಗ್ರೀವ ರಾಜ್ಯದ ಜೊತೆ ಅಣ್ಣನ ಹೆಂಡತಿ ತಾರೆಯನ್ನೂ ಪಡೆದಿದ್ದನಲ್ಲ, ಅವನಿಗೇಕೆ ಬಾಣವಿಲ್ಲ? ಸತ್ತನೆಂದು ನಂಬಿ ಮಾಡಿದ್ದು ಬೇರೆ, ತಮ್ಮ ಬದುಕಿದ್ದಾನೆಂದು ಗೊತ್ತಿದ್ದೂ ಮಾಡಿದ್ದು ಬೇರೆ ಅನ್ನುತ್ತೇನೆ. ಎಷ್ಟೋ ಕೂಟಗಳಲ್ಲಿ ಅಷ್ಟಕ್ಕೆ ವಾಲಿ ಸುಮ್ಮನಾಗುತ್ತಾನೆ. ಚುರುಕಿನ ವಾಲಿ ಸಿಕ್ಕಿದರೆ, 'ಗುಹೆಗೆ ಬಂಡೆ ಮುಚ್ಚುವ ಮೊದಲು ಅವನು ಒಳಗೆ ಇಣುಕಿಯಾದರೂ ನೋಡಿದನೇ?' ಅಂತ ಕೇಳುತ್ತಾನೆ. ಆಗ ಅಲ್ಲೇ ಕೂತು ಇನ್ನೊಬ್ಬ ರಾಮನನ್ನು ಹುಡುಕಬೇಕು.